ಸಾಫ್ಟ್‌ವೇರ್ ಬಂತು, ಫೋನ್ ಎತ್ತುವವರು ಯಾರು?

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದವು. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ನೂರಕ್ಕೆ 18ರಿಂದ 5ಕ್ಕೆ ಇಳಿದವು. ಸಿಮೆಂಟು 28ರಿಂದ 18ಕ್ಕೆ ಬಂತು. ಕೌನ್ಸಿಲ್ ತೀರ್ಮಾನ ಮಾಡಿದ್ದು ಅದೇ ತಿಂಗಳ 3ನೇ ತಾರೀಕಿಗೆ. ನಡುವೆ ಸಿಕ್ಕಿದ್ದು ಮೂರು ವಾರಕ್ಕೂ ಕಮ್ಮಿ. ಬೆಲೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳದ, ಕುಂಬಳೆಯ, ಬದಿಯಡ್ಕದ ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರಿಗೆ ಆ ಹೊಸ ದರ ತಾನಾಗಿ ಗೊತ್ತಾಗುವುದಿಲ್ಲ. ಒಂದೊಂದು ಐಟಮ್ ತೆರೆದು, ಯಾವ ತಾರೀಕಿನಿಂದ ಯಾವ ದರ ಎಂದು ಯಾರೋ ಹಾಕಲೇಬೇಕು. ಹಳೇ ಸ್ಟಾಕಿನ ಗತಿ ಏನು, 21ಕ್ಕೆ ಮಾರಿದ್ದು 23ಕ್ಕೆ ವಾಪಸ್ ಬಂದರೆ ಯಾವ ದರ, ಇದಕ್ಕೂ ಯಾರೋ ಉತ್ತರ ಹೇಳಬೇಕು. ಆ ವಾರ, ಕೊಂಡವರ ತೊಂದರೆ ಬಗೆಹರಿಸುವ ಸಪೋರ್ಟ್ ಕೆಲಸದವರ ಫೋನಿಗೆ ಬಿಡುವೇ ಇರಲಿಲ್ಲ.

ಈ ಕೆಲಸದ ಬಗ್ಗೆ ನಮ್ಮ ಕಡೆ ಮಾತೇ ಆಗುವುದಿಲ್ಲ. ಮಗ ಅಥವಾ ಮಗಳು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ ಎಂದರೆ ಕೋಡ್ ಬರೆಯುತ್ತಾಳೆ ಅಂತಲೇ ಎಲ್ಲರೂ ತಿಳಿಯುತ್ತಾರೆ. ಸಪೋರ್ಟ್ ಎಂದರೆ ಕಾಲ್ ಸೆಂಟರ್, ಇಂಪ್ಲಿಮೆಂಟೇಶನ್ ಎಂದರೆ ಪೆನ್‌ಡ್ರೈವ್ ತಂದು ಇನ್‌ಸ್ಟಾಲ್ ಮಾಡಿ ಹೋಗುವುದು, ಅಷ್ಟೇ. ನಾನು ಈ ಕೆಲಸದಲ್ಲೇ ಇರುವವನು. ಕಾಸರಗೋಡಿನಂಥ ಗಡಿ ಜಿಲ್ಲೆಯಲ್ಲಿ ಒಂದು ಸಾಫ್ಟ್‌ವೇರ್ ನಡೆಯುತ್ತದೋ ಮುಗ್ಗರಿಸುತ್ತದೋ ಎಂಬುದು ತೀರ್ಮಾನವಾಗುವುದು ಕೋಡಿನಲ್ಲಿ ಅಲ್ಲ, ಈ ಕೊನೆಯ ಹಂತದಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಹಂತದಲ್ಲಿ ಕನ್ನಡ ಇಲ್ಲದೇ ಹೋದರೆ ಆಗುವ ನಷ್ಟ ಹಣದ ಲೆಕ್ಕದಲ್ಲೇ ಕಾಣುತ್ತದೆ. ಅದು ಹೇಗೆ ಅಂತ ಹೇಳುತ್ತೇನೆ.

ಮೊದಲು ಗಡಿಯ ಒಂದು ಬಿಲ್ ನೋಡಿ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕೇರಳಕ್ಕೆ 32, ಕರ್ನಾಟಕಕ್ಕೆ 29. ಮಂಜೇಶ್ವರದ ಅಡಿಕೆ ವ್ಯಾಪಾರಿ ಕಾಸರಗೋಡಿನ ವ್ಯಾಪಾರಿಗೆ ಮಾರಿದರೆ 5 ಪರ್ಸೆಂಟ್ ತೆರಿಗೆ ಎರಡೂವರೆ ಎರಡೂವರೆಯಾಗಿ ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ. ಅದೇ ಅಡಿಕೆ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಪೂರ್ತಿ 5 ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ತೆರಿಗೆ. ಕೊಳ್ಳುವವನು ಕೊಡುವ ದುಡ್ಡು ಒಂದೇ, ಅದು ಹೋಗಿ ಸೇರುವ ಖಾತೆ ಬೇರೆ. ತಿರುವನಂತಪುರದ ಅಂಗಡಿಗೆ ಈ ತಾಪತ್ರಯ ಅಪರೂಪ. ಮಂಜೇಶ್ವರದವನಿಗೆ ದಿನಾ ಇದ್ದದ್ದೇ.

ಇದರಲ್ಲಿ ಇನ್ನೂ ಸೂಕ್ಷ್ಮದ ಒಂದು ವಿಷಯ ಇದೆ. 2023ರ ಅಕ್ಟೋಬರ್ 1ರಿಂದ, ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗಿರಾಕಿಗೆ ಮಾರುವಾಗಲೂ ಬಿಲ್ಲಿನಲ್ಲಿ ಬರೆದ ವಿಳಾಸವೇ ಮುಖ್ಯ. ವಿಳಾಸ ಬರೆಯದಿದ್ದರೆ ಅಂಗಡಿ ಇರುವ ಜಾಗದ ಲೆಕ್ಕ. ರಾಜ್ಯದ ಹೆಸರು ಮಾತ್ರ ಬರೆದರೂ ವಿಳಾಸ ಬರೆದ ಹಾಗೆಯೇ. ಉಪ್ಪಳದ ಫರ್ನಿಚರ್ ಅಂಗಡಿಗೆ ಉಳ್ಳಾಲದವರು ಬಂದು ಒಂದು ಸೋಫಾ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಕೌಂಟರಿನ ಹುಡುಗಿ ಡೆಲಿವರಿಗೆ ಬೇಕಲ್ಲ ಅಂತ ವಿಳಾಸ ಟೈಪ್ ಮಾಡುತ್ತಾಳೆ. ರಾಜ್ಯ ಎಂಬ ಕಡೆ ಸಾಫ್ಟ್‌ವೇರ್ ಮೊದಲೇ ಕೇರಳ ಎಂದು ತುಂಬಿಸಿ ಇಟ್ಟಿರುತ್ತದೆ. ಅವಳು ಬದಲಿಸದಿದ್ದರೆ ತೆರಿಗೆ ತಪ್ಪು ಖಾತೆಗೆ ಹೋಗುತ್ತದೆ. ಸಿಕ್ಕಿಬಿದ್ದ ದಿನ ಅಂಗಡಿಯವರು ಸರಿಯಾದ ಖಾತೆಗೆ ಮತ್ತೊಮ್ಮೆ ಕಟ್ಟಿ, ಮೊದಲು ಕಟ್ಟಿದ್ದನ್ನು ವಾಪಸ್ ಕೇಳಿ ಅರ್ಜಿ ಹಾಕಬೇಕು. ಸಾಫ್ಟ್‌ವೇರಿನಲ್ಲಿ ದೋಷ ಇಲ್ಲ. ಹುಡುಗಿಯದ್ದೂ ತಪ್ಪಲ್ಲ. ಟ್ರೈನಿಂಗ್ ಕೊಟ್ಟವರು ಗಡಿಯ ಅಂಗಡಿಗೆ ಬೇಕಾದ ಈ ಒಂದು ಮಾತನ್ನು ಅವಳಿಗೆ ಅರ್ಥವಾಗುವ ಹಾಗೆ ಹೇಳಲಿಲ್ಲ, ಅಷ್ಟೇ.

ಇಂಪ್ಲಿಮೆಂಟೇಶನ್ ಎಂದರೆ ಇದೇ. ಎಲ್ಲೋ ಯಾರಿಗೋ ಅಂತ ಮಾಡಿದ ಸಾಫ್ಟ್‌ವೇರನ್ನು ಈ ಅಂಗಡಿಗೆ, ಈ ಸಂಘಕ್ಕೆ, ಈ ಊರಿಗೆ ಒಗ್ಗಿಸುವುದು. ಬೆಂಗಳೂರಿನ ಕಂಪನಿಯ ಸಾಫ್ಟ್‌ವೇರಿನಲ್ಲಿ ಜಾಗೆಯ ಅಳತೆ ಎಕರೆ ಮತ್ತು ಗುಂಟೆಯಲ್ಲಿ ಇರುತ್ತದೆ. ಒಂದು ಎಕರೆಗೆ 40 ಗುಂಟೆ. ನಮ್ಮಲ್ಲಿ ಜನ ಮಾತಾಡುವುದು ಸೆಂಟ್ಸಿನಲ್ಲಿ, ಎಕರೆಗೆ 100. ಕೇರಳದ ಕಂದಾಯ ದಾಖಲೆಯಲ್ಲಿ ಇರುವುದು ಆರ್ ಮತ್ತು ಚದರ ಮೀಟರ್. ಒಂದು ಆರ್ ಎಂದರೆ ಸುಮಾರು 2.47 ಸೆಂಟ್ಸ್. ಕೃಷಿ ಸಾಲದ ಅರ್ಜಿಯಲ್ಲಿ ಈ ಮೂರರಲ್ಲಿ ಯಾವುದನ್ನು ಹಾಕಬೇಕು ಎಂದು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳದಿದ್ದರೆ, ಆರು ತಿಂಗಳ ನಂತರ ಆಡಿಟರ್ ಬಂದಾಗ ಯಾರ ತೋಟ ಎಷ್ಟು ಎಂಬುದೇ ಗೊಂದಲ.

ಇದಕ್ಕಿಂತ ದೊಡ್ಡ ಕೆಲಸ ಹಳೇ ಲೆಕ್ಕವನ್ನು ಹೊಸದಕ್ಕೆ ಸಾಗಿಸುವುದು. ಡೇಟಾ ಮೈಗ್ರೇಶನ್ ಎನ್ನುತ್ತೇವೆ. ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು.

ಗಡಿಯ ಒಂದು ಹಳೇ ಸಹಕಾರಿ ಸಂಘ. ಸದಸ್ಯರ ರಿಜಿಸ್ಟರು ಕನ್ನಡದಲ್ಲಿ. ಹಳೇ ಪುಟಗಳಲ್ಲಿ ಅಂಕಿಗಳೂ ಕನ್ನಡದವೇ. ಒಂದೇ ಹೆಸರಿನ ಸುಬ್ರಾಯ ಭಟ್ಟರು ನಾಲ್ಕು ಜನ, ಐತಪ್ಪ ಶೆಟ್ಟರು ಮೂರು ಜನ, ಅಬ್ದುಲ್ ರಹಿಮಾನ್‌ಗಳಿಗೆ ಲೆಕ್ಕವೇ ಇಲ್ಲ. ರಿಜಿಸ್ಟರಿನಲ್ಲಿ ಇವರನ್ನು ಬೇರೆ ಮಾಡಿರುವುದು ಮನೆಯ ಹೆಸರು. ಸಾಫ್ಟ್‌ವೇರಿನಲ್ಲಿ ಮೊದಲು ಹೆಸರು, ಆಮೇಲೆ ಇನಿಶಿಯಲ್, ಆಮೇಲೆ ಮನೆಯ ಹೆಸರು, ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಓದಲು ಬಾರದವರಿಗೆ ಟೈಪಿಂಗ್ ಕೊಟ್ಟರೆ ಅವರು ಏನು ಮಾಡುತ್ತಾರೆ? ಆಧಾರ್ ಕಾರ್ಡಿನ ಜೆರಾಕ್ಸ್ ತರಿಸಿಕೊಳ್ಳುತ್ತಾರೆ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ತೆರಿಗೆ ರಶೀದಿಯಲ್ಲಿ ಮಲಯಾಳದಿಂದ ಇಳಿಸಿದ ಮತ್ತೊಂದು. ತೀರಿಹೋದವರ ಖಾತೆಗೆ ಜೆರಾಕ್ಸೂ ಇರುವುದಿಲ್ಲ. ಹೀಗೆ ಒಬ್ಬರೇ ಮನುಷ್ಯ ಇಬ್ಬರಾಗುತ್ತಾರೆ, ಇಬ್ಬರು ಒಬ್ಬರಾಗುತ್ತಾರೆ. ವಾರಸುದಾರರು ಠೇವಣಿ ಕೇಳಲು ಬಂದ ದಿನ ಜಗಳ.

ಅಂಕಿಗಳ ಕಥೆ ಇನ್ನೂ ಇದೆ. ಹಳೇ ಲೆಕ್ಕದ ಒಟ್ಟು, ಹೊಸ ಲೆಕ್ಕದ ಒಟ್ಟು ತಾಳೆಯಾಗಬೇಕು. ಆಗಲಿಲ್ಲ ಎಂದಿಟ್ಟುಕೊಳ್ಳಿ. ಮೊದಲು ಮಾಡುವ ಪರೀಕ್ಷೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸುವುದು. ಶೇಷ ಉಳಿಯದೆ ಹೋದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿದೆ ಎಂಬ ಅನುಮಾನ. 5,480 ಎಂಬುದನ್ನು 5,840 ಎಂದು ಹೊಡೆದರೆ ವ್ಯತ್ಯಾಸ 360, ಅಂದರೆ ಒಂಬತ್ತು ನಲವತ್ತಲಿ. ಹಳೇ ಗುಮಾಸ್ತರಿಗೆಲ್ಲ ಗೊತ್ತಿದ್ದ ಉಪಾಯ ಇದು. ಆದರೆ ವ್ಯತ್ಯಾಸ 3 ಬಂದರೆ? 30, 300, 3,000 ಬಂದರೆ? ಆಗ ಈ ಉಪಾಯ ಸಾಲದು. ರಿಜಿಸ್ಟರಿಗೇ ಹೋಗಬೇಕು. ಅವಸರದ ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಆ ಪುಟವನ್ನು ಬರೆದವರ ಕೈ ಹೇಗೆ ಓಡುತ್ತದೆ ಎಂದು ನೋಡಿ, ಹಿಂದಿನ ತಿಂಗಳ ಬಡ್ಡಿಯ ಜೊತೆ ಹೋಲಿಸಿ, ಇದು ಆರೋ ಒಂಬತ್ತೋ ಎಂದು ಹೇಳಬಲ್ಲವರು ಬೇಕು. ಯಾವ ಸಾಫ್ಟ್‌ವೇರ್ ಮ್ಯಾನುವಲ್‌ನಲ್ಲೂ ಇದು ಇರುವುದಿಲ್ಲ. ಈ ಕೆಲಸ ಮಾಡಬಲ್ಲವರು ಪೆರ್ಲದಲ್ಲೂ ಮುಳ್ಳೇರಿಯದಲ್ಲೂ ಸಿಗುತ್ತಾರೆ. ಟೆಂಡರಿನಲ್ಲಿ ಮಾತ್ರ ಅವರಿಗೆ ಜಾಗ ಇಲ್ಲ.

ಸರಕಾರಕ್ಕೆ ಇದರ ಅರಿವು ಇಲ್ಲ ಎನ್ನುವಂತಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ ಒಪ್ಪಿಗೆ ಕೊಟ್ಟಾಗ 63 ಸಾವಿರ ಸಂಘಗಳಿಗೆ 2,516 ಕೋಟಿ ರೂಪಾಯಿ ಎಂದು ಹೇಳಿತ್ತು. ಸಾಫ್ಟ್‌ವೇರ್ ಸ್ಥಳೀಯ ಭಾಷೆಯಲ್ಲಿ ಇರಬೇಕು, ರಾಜ್ಯಗಳ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಅವಕಾಶ ಇರಬೇಕು ಎಂದೂ ಅದರಲ್ಲಿತ್ತು. ಒಳ್ಳೆಯ ಮಾತು. ಆದರೆ ಭಾಷೆಯ ಲೆಕ್ಕ ನಡೆಯುವುದು ರಾಜ್ಯವಾರು. ಕೇರಳಕ್ಕೆ ಮಲಯಾಳ, ಕರ್ನಾಟಕಕ್ಕೆ ಕನ್ನಡ. ಕೇರಳದ ಒಳಗಿರುವ ಕನ್ನಡದ ಸಂಘ ಎರಡರ ಸಂದಿಯಲ್ಲಿ ಬೀಳುತ್ತದೆ. ಸೊಲ್ಲಾಪುರದ, ಹೊಸೂರಿನ, ಆದೋನಿಯ ಕನ್ನಡಿಗರ ಪಾಡೂ ಬೇರೆಯಲ್ಲ.

ಸಂವಿಧಾನದ 350ನೇ ವಿಧಿ ನಮಗೆ ಒಂದು ಹಕ್ಕು ಕೊಟ್ಟಿದೆ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಅಧಿಕಾರಿಗೆ ಕೊಡಬಹುದು. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಟ್ಟಿದ್ದರು. ಇವೆಲ್ಲ ಕಾಗದದ ಅರ್ಜಿಯ ಕಾಲದವು. ಈಗ ಅರ್ಜಿ ಹೋಗುವುದು ಸ್ಕ್ರೀನಿನ ಮೂಲಕ. ಸ್ಥಳೀಯ ಸಂಸ್ಥೆಗಳ ಸೇವೆಗೆ ಕೇರಳ ಸರಕಾರ ಮಾಡಿದ ಆನ್‌ಲೈನ್ ವ್ಯವಸ್ಥೆ ಕೆ-ಸ್ಮಾರ್ಟ್ 2024ರ ಜನವರಿಯಲ್ಲಿ ನಗರಸಭೆಗಳಿಗೆ ಬಂತು, 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತುಗಳಿಗೂ ಬಂತು. ಅರ್ಜಿ ಎಲ್ಲೋ ನಿಂತುಹೋದರೆ ನೀವು ಮೊದಲು ಮಾತಾಡುವುದು ಅಧಿಕಾರಿಯ ಜೊತೆಗಲ್ಲ, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದವರ ಜೊತೆ ಅಥವಾ ಹೆಲ್ಪ್‌ಡೆಸ್ಕಿನ ಜೊತೆ. ಖಾಸಗಿ ಕಂಪನಿಯ ಸಾಫ್ಟ್‌ವೇರ್ ಆದರಂತೂ ಈ ವಿಧಿ ಲಾಗೂ ಆಗುವುದೇ ಇಲ್ಲ. ಅಲ್ಲಿ ಇರುವುದು ಒಪ್ಪಂದ ಮಾತ್ರ.

ಫೋನಿನಲ್ಲಿ ಏನಾಗುತ್ತದೆ ನೋಡಿ. ಸಂಜೆ ಐದೂವರೆ. ಸಂಘದ ಕ್ಲರ್ಕ್ ಅಕ್ಕ ಡೇ ಎಂಡ್, ಅಂದರೆ ಆ ದಿನದ ಲೆಕ್ಕ ಮುಚ್ಚುವ ಕೆಲಸ, ಮಾಡಲು ಕೂತಿದ್ದಾರೆ. ಆಗುತ್ತಿಲ್ಲ. ಫೋನ್ ಮಾಡುತ್ತಾರೆ. ಆ ಕಡೆಯವರು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಯಾವ ಎರರ್? ಅಕ್ಕನಿಗೆ ಮಲಯಾಳ ಬರುತ್ತದೆ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಮಾತಾಡುವಷ್ಟು ಧಾರಾಳ ಬರುತ್ತದೆ. ಆದರೆ, "ಮಧ್ಯಾಹ್ನ ಒಂದು ಚಿನ್ನದ ಸಾಲದ ವೋಚರ್ ಅರ್ಧ ಆದಾಗ ಕರೆಂಟು ಹೋಯ್ತು. ಮತ್ತೆ ಹಾಕುವಾಗ ಅದು ಮೊದಲೇ ಉಂಟು ಅಂತ ತೋರಿಸ್ತು. ನಾನು ಅದನ್ನು ಬಿಟ್ಟು ಹೊಸದು ಹಾಕಿದೆ" ಎಂಬಷ್ಟು ಉದ್ದದ ವಿವರ, ತಡವರಿಸದೆ, ಬೇರೆ ಭಾಷೆಯಲ್ಲಿ ಹೇಳುವುದು ಎಷ್ಟು ಕಷ್ಟ ಅಲ್ವಾ? ಅವರು ಅದನ್ನು ಕಿರಿದು ಮಾಡುತ್ತಾರೆ. "ಡೇ ಎಂಡ್ ಆಗ್ತಾ ಇಲ್ಲ." ಆ ಕಡೆಯವರು ಅಷ್ಟನ್ನೇ ಟಿಕೆಟ್ಟಿನಲ್ಲಿ, ಅಂದರೆ ದೂರಿನ ದಾಖಲೆಯಲ್ಲಿ, ಬರೆಯುತ್ತಾರೆ. ರಿಮೋಟಿನಲ್ಲಿ, ಅಂದರೆ ದೂರದಿಂದಲೇ ಸಂಘದ ಕಂಪ್ಯೂಟರಿನೊಳಗೆ, ಬಂದು ಡೇ ಎಂಡನ್ನು ಒತ್ತಾಯದಿಂದ ಮುಗಿಸುತ್ತಾರೆ. ಟಿಕೆಟ್ ಕ್ಲೋಸ್. ಎರಡು ಸಲ ಬಿದ್ದ ವೋಚರ್ ಹಾಗೇ ಉಳಿಯುತ್ತದೆ. ಅದು ಗೊತ್ತಾಗುವುದು ಮಾರ್ಚ್‌ನಲ್ಲಿ, ಅಕ್ಕನ ಸಂಬಳಕ್ಕೆ ಕತ್ತರಿ ಬೀಳುವ ಹೊತ್ತಿಗೆ.

ರೋಗದ ಮೂಲ ಇರುವುದು ಆ ವಿವರದಲ್ಲಿ, ಎರರ್ ಮೆಸೇಜಿನಲ್ಲಿ ಅಲ್ಲ. "ಅಕ್ಕಾ, ಅದಕ್ಕೆ ಮೊದಲು ಎಂತ ಆಯ್ತು?" ಎಂದು ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ಹೊರಗೆ ಬರುತ್ತಿತ್ತು. ಕೇಳಲು ಸಮಯ ಇಲ್ಲ, ಏಕೆಂದರೆ ಸಪೋರ್ಟಿನವರ ಕೆಲಸವನ್ನು ಅಳೆಯುವುದು ದಿನಕ್ಕೆ ಎಷ್ಟು ಟಿಕೆಟ್ ಮುಚ್ಚಿದರು, ಎಷ್ಟು ಬೇಗ ಮುಚ್ಚಿದರು ಎಂಬುದರಲ್ಲಿ. ಅವರನ್ನು ದೂರುವುದು ಸರಿಯಲ್ಲ. ಅಳತೆಗೋಲೇ ಹಾಗಿದೆ.

ಇದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಹಗರಣ ಸಾಕ್ಷಿ. ಅಲ್ಲಿ 1999ರಿಂದ ಹೊರೈಝನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು, ಮಾಡಿಕೊಟ್ಟದ್ದು ಫುಜಿತ್ಸು ಸಮೂಹ. ಸಣ್ಣ ಅಂಚೆ ಕಚೇರಿಗಳಲ್ಲಿ ಲೆಕ್ಕ ಕಮ್ಮಿ ಬೀಳತೊಡಗಿತು. ನಡೆಸುವವರು ಹೆಲ್ಪ್‌ಲೈನಿಗೆ ಫೋನ್ ಮಾಡಿದರು. ಇಂಥ ತೊಂದರೆ ಬೇರೆ ಯಾರಿಗೂ ಇಲ್ಲ, ನಿಮಗೊಬ್ಬರಿಗೇ ಎಂಬ ಉತ್ತರ ಎಷ್ಟೋ ಜನರಿಗೆ ಸಿಕ್ಕಿತು. ಕಳ್ಳತನ, ಸುಳ್ಳು ಲೆಕ್ಕ ಎಂದು 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು. ದೋಷ ಸಾಫ್ಟ್‌ವೇರಿನಲ್ಲೂ ಇತ್ತು ಎಂದು ಹೈಕೋರ್ಟು ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ. ಅಲ್ಲಿ ಭಾಷೆಯ ತೊಡಕು ದೊಡ್ಡದಾಗಿರಲಿಲ್ಲ. ಆದರೂ ಕೌಂಟರಿನವರ ಮಾತಿಗೆ ಬೆಲೆ ಇರಲಿಲ್ಲ. ಭಾಷೆಯ ತೊಡಕೂ ಸೇರಿಕೊಂಡ ಕಡೆ, ತನ್ನದೇ ತಪ್ಪು ಇರಬಹುದು ಎಂದು ಸುಮ್ನಾಗುವ ಅಕ್ಕಂದಿರು ಎಷ್ಟು ಜಾಸ್ತಿ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಅಪಾಯ ರಿಮೋಟ್ ಕೆಲಸದ್ದು. ಮೊದಲೆಲ್ಲ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಜನ ಬರುತ್ತಿದ್ದರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಲಪಾಡಿಯಲ್ಲಿ ಗಡಿ ಮುಚ್ಚಿತು. ಬರುವ ದಾರಿಯೇ ಇಲ್ಲದಾಗ ಎಲ್ಲವೂ ಎನಿಡೆಸ್ಕ್‌ನಂಥ ಆ್ಯಪ್‌ಗಳ ಮೂಲಕ ನಡೆಯಿತು. ಗಡಿ ತೆರೆಯಿತು, ಅಭ್ಯಾಸ ಉಳಿಯಿತು. ಕಂಪನಿಗೂ ಖರ್ಚು ಕಮ್ಮಿ. ಆದರೆ ಇದೇ ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿತ್ತು. ನಿಜವಾದ ಸಪೋರ್ಟಿನವನೂ ಕೇಳುವುದು ಆ ಆ್ಯಪ್ ತೋರಿಸುವ ಒಂಬತ್ತು ಅಥವಾ ಹತ್ತು ಅಂಕಿಯ ನಂಬರು, ವಂಚಕನೂ ಕೇಳುವುದು ಅದನ್ನೇ. ಕೌಂಟರಿನವರು ಇಬ್ಬರನ್ನೂ ಬೇರೆ ಮಾಡುವುದು ಹೇಗೆ? ದನಿಯಿಂದ, ಪರಿಚಯದಿಂದ, ಮಾತಾಡುವ ರೀತಿಯಿಂದ. ಪ್ರತಿ ಸಲ ಬೇರೆ ಊರಿನ, ಬೇರೆ ಭಾಷೆಯ ಹೊಸ ದನಿ ಬರುವ ಕಡೆ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ. ಗುರುತಿನ ದನಿ ಇರುವ ಸಪೋರ್ಟ್ ಎಂದರೆ ಅದು ಭದ್ರತೆಯೂ ಹೌದು.

ಈಗ ಎಐ ಬಾಟ್‌ಗಳ ಮಾತು ಶುರುವಾಗಿದೆ. ಮೊದಲ ಹಂತದ ಕರೆಗಳನ್ನು ಬಾಟ್ ನೋಡಿಕೊಳ್ಳಲಿ ಎಂಬುದು ಕಂಪನಿಗಳ ಯೋಚನೆ. ಪಾಸ್‌ವರ್ಡ್ ಮರೆತದ್ದು, ಪ್ರಿಂಟರ್ ಹುಡುಕುವುದು, ಇಂಥದ್ದಕ್ಕೆ ಬಾಟ್ ಸಾಕು, ನಾನೂ ಬೇಡ ಎನ್ನುವುದಿಲ್ಲ. ಕೇಂದ್ರದ ಭಾಷಿಣಿ ಎಂಬ ಅನುವಾದದ ಯೋಜನೆಯಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಗೂಗಲ್ ಟ್ರಾನ್ಸ್‌ಲೇಟ್ 2024ರಲ್ಲಿ ತುಳುವನ್ನೂ ಸೇರಿಸಿತು. ಸಂತೋಷದ ಸಂಗತಿ. ಆದರೆ ನಮ್ಮ ಕೌಂಟರಿನಲ್ಲಿ ಯಾರೂ ಒಂದೇ ಭಾಷೆಯಲ್ಲಿ ಫೋನ್ ಮಾಡುವುದಿಲ್ಲ. "ಡೇ ಕ್ಲೋಸ್ ಆಪುಜ್ಜಿ ಮಾರಾಯ, ಎಂತ ಮಾಡುದು?" ಎಂದು ತುಳುವಿನಲ್ಲಿ ಹೊರಟು ಕನ್ನಡದಲ್ಲಿ ಮುಗಿಸುತ್ತಾರೆ. ಬಾಟ್ ಇದನ್ನು ಒಂದು ದಿನ ಕಲಿಯಬಹುದು. ಕಲಿಯಬೇಕಾದರೆ ಇಂಥ ಕರೆಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟ ಟಿಕೆಟ್‌ಗಳು ಬೇಕು. ಈಗ ಬರೆದಿಡುತ್ತಿರುವುದು ಇಂಗ್ಲಿಷಿನ ಒಂದು ಸಾಲು.

ಕೆಲಸ ಮಾಡುವವರ ಬಗ್ಗೆಯೂ ಹೇಳಬೇಕು. ಕಾಸರಗೋಡಿನ ಹುಡುಗರು ಹುಡುಗಿಯರು ಬಿಕಾಂ, ಬಿಸಿಎ ಮುಗಿಸುವ ಹೊತ್ತಿಗೆ ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ನಾಲ್ಕರಲ್ಲೂ ಮಾತಾಡುತ್ತಾರೆ. ಎಷ್ಟೋ ಮನೆಗಳಲ್ಲಿ ಬ್ಯಾರಿ, ಕೊಂಕಣಿ, ಮರಾಠಿಯೂ ಇರುತ್ತದೆ. ಅಕೌಂಟ್ಸ್ ಗೊತ್ತಿರುವ, ನಾಲ್ಕು ಭಾಷೆ ಬಲ್ಲ ಸಪೋರ್ಟ್ ಕೆಲಸಗಾರರು ಬೆಂಗಳೂರಿನಲ್ಲಿ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಆದರೂ ಅವರ ಬಯೋಡೇಟಾದಲ್ಲಿ ಭಾಷೆಗಳು ಕೊನೆಯ ಸಾಲಿನಲ್ಲಿ, ಹವ್ಯಾಸಗಳ ಪಕ್ಕದಲ್ಲಿ ಬರುತ್ತವೆ. ಸಂಬಳ ತೀರ್ಮಾನ ಮಾಡುವಾಗ ಅದಕ್ಕೆ ಒಂದು ರೂಪಾಯಿಯೂ ಇಲ್ಲ. ಎರಡು ವರ್ಷ ಸಪೋರ್ಟ್ ಮಾಡಿ, ಟೆಸ್ಟಿಂಗೋ ಕೋಡಿಂಗೋ ಕಲಿತು ಹೊರಟುಬಿಡುತ್ತಾರೆ. ಅವರು ಕಲಿತದ್ದೆಲ್ಲ, ಯಾವ ಸಂಘದ ಲೆಕ್ಕ ಯಾಕೆ ಹಾಗಿದೆ ಎಂಬ ತಿಳಿವಳಿಕೆ, ಅವರ ಜೊತೆಯೇ ಹೋಗುತ್ತದೆ.

ಇದಕ್ಕೆ ಮದ್ದು ಕೊಳ್ಳುವವರ ಕೈಯಲ್ಲೂ ಇದೆ. ಸಾಫ್ಟ್‌ವೇರ್ ಬೆಲೆಯ ನೂರಕ್ಕೆ 15ರಿಂದ 20ರಷ್ಟನ್ನು ವರ್ಷವರ್ಷ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ, ಎಂದು ಕಟ್ಟುವುದು ಈ ವ್ಯವಹಾರದಲ್ಲಿ ಮಾಮೂಲು. ಐದರಿಂದ ಏಳು ವರ್ಷದಲ್ಲಿ ಸಾಫ್ಟ್‌ವೇರಿನಷ್ಟೇ ದುಡ್ಡು ಸಪೋರ್ಟಿಗೂ ಹೋಗಿರುತ್ತದೆ. ಸಂಘದ ಆಡಳಿತ ಮಂಡಳಿಯವರು ಸಾಫ್ಟ್‌ವೇರ್ ಕೊಳ್ಳುವಾಗ ಮೂರು ಕೊಟೇಶನ್ ತರಿಸಿ ಇಡೀ ದಿನ ಚರ್ಚೆ ಮಾಡುತ್ತಾರೆ. ಸಪೋರ್ಟ್ ಯಾವ ಭಾಷೆಯಲ್ಲಿ, ಯಾರಿಂದ, ಸ್ಥಳಕ್ಕೆ ಬರುತ್ತಾರೋ ಇಲ್ಲವೋ ಎಂದು ಕೇಳುವವರು ಅಪರೂಪ. ಒಂಟಿಯಾಗಿ ಕೇಳಿದರೆ ಕಂಪನಿ ಆಗುವುದಿಲ್ಲ ಎನ್ನಬಹುದು. ಎಣ್ಮಕಜೆ, ಪೈವಳಿಕೆ, ವರ್ಕಾಡಿ, ಬೆಳ್ಳೂರು ಕಡೆಯ ಸಂಘಗಳು ಸೇರಿ ಒಟ್ಟಿಗೆ ಒಬ್ಬರು ಕನ್ನಡ ಬಲ್ಲ ಸಪೋರ್ಟ್ ಕೆಲಸಗಾರರನ್ನು ಇಲ್ಲೇ ನೇಮಿಸಿ ಎಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಕಂಪನಿಗೂ ಅದು ನಷ್ಟದ ಬಾಬ್ತಲ್ಲ. ತಪ್ಪಾಗಿ ಬಗೆಹರಿಸಿದ ಟಿಕೆಟ್ ಮತ್ತೆ ಮತ್ತೆ ತೆರೆಯುವ ಖರ್ಚು ಉಳಿಯುತ್ತದೆ.

ಮಾರ್ಚ್ 31ಕ್ಕೆ ಎಎಂಸಿ ಮುಗಿಯುವ ಸಂಘಗಳು ಜಾಸ್ತಿ. ಹೊಸ ಒಪ್ಪಂದದ ಕರಡು ಫೆಬ್ರವರಿ ಹೊತ್ತಿಗೆ ಕೈಗೆ ಬರುತ್ತದೆ. ಸಪೋರ್ಟ್ ಎಂಬ ತಲೆಬರಹದ ಕೆಳಗೆ ಸಾಮಾನ್ಯವಾಗಿ ಇರುವುದು ಕೆಲಸದ ಸಮಯ ಮತ್ತು ಒಂದು ಫೋನ್ ನಂಬರು. ಅದರ ಕೆಳಗೆ ಕನ್ನಡದಲ್ಲಿ ಮಾತಾಡುವವರ ನಂಬರು, ವರ್ಷಕ್ಕೆ ಎಷ್ಟು ಸಲ ಸ್ಥಳಕ್ಕೆ ಬರುತ್ತಾರೆ ಎಂಬ ಲೆಕ್ಕ, ಒಪ್ಪಂದ ಮುಗಿದರೆ ನಮ್ಮ ಡೇಟಾವನ್ನು ಯಾವ ರೂಪದಲ್ಲಿ ವಾಪಸ್ ಕೊಡುತ್ತಾರೆ ಎಂಬ ಮಾತು, ಇಷ್ಟನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಸಹಿ ಬಿದ್ದ ಮೇಲೆ ಕೇಳಿದರೆ ಅದಕ್ಕೆ ಬೇರೆ ಬಿಲ್ ಬರುತ್ತದೆ.